ತಾತನ ಹೊಟ್ಟೆಯೊಳಗಿನ ಎರಡು ಚುಕ್ಕೆ

ಮೂರು ವಾರ ಈ ಪುಟದಲ್ಲಿ ನಾನಿರಲಿಲ್ಲ. ‘ತಾತ ಎಲ್ಲಿಗೆ ಹೋದರು?’ ಎಂದು ಕೆಲವು ಮಕ್ಕಳು ಕಾರ್ಡು ಬರೆದಿದ್ದೀರಿ. ಆಸ್ಪತ್ರೆಗೆ ಹೋಗಿದ್ದೆ, ಮಕ್ಕಳೇ. ನನ್ನ ಲಿವರಿನಲ್ಲಿ, ಅಂದರೆ ನಿಮ್ಮ ವಿಜ್ಞಾನ ಪುಸ್ತಕದ ಯಕೃತ್ತಿನಲ್ಲಿ, ಎರಡು ಚುಕ್ಕೆ ಕಂಡಿದ್ದವು.

ಬಹಳ ವರ್ಷಗಳ ಹಿಂದೆ ರಕ್ತದಾನಕ್ಕೆ ಹೋದಾಗ ನನಗೆ ಹೆಪಟೈಟಿಸ್ ಬಿ ಸೋಂಕು ಇರುವುದು ಗೊತ್ತಾಗಿತ್ತು. ಈ ವೈರಸ್ ಸದ್ದಿಲ್ಲದೆ ಯಕೃತ್ತಿನಲ್ಲಿ ಕೂತು, ಕೆಲವರಲ್ಲಿ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಅದಕ್ಕೇ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ ಎಂದಿದ್ದರು ಡಾಕ್ಟರು. ನೋವಿಲ್ಲ, ಜ್ವರವಿಲ್ಲ, ಯಾಕೆ ಸುಮ್ಮನೆ ಎಂದು ಎರಡು ಸಲ ತಪ್ಪಿಸಿಕೊಂಡೆ. ಯಕೃತ್ತು ಬೇಗ ನೋವು ತೋರಿಸುವುದಿಲ್ಲ ಎಂದು ತರಗತಿಯಲ್ಲಿ ಪಾಠ ಹೇಳಿದ ಮೇಷ್ಟ್ರ ಬುದ್ಧಿ ಇದು! ಮೂರನೆಯ ಸಲ ಮಗಳು ಬಿಡದೆ ಕರೆದುಕೊಂಡು ಹೋದಳು.

ಬಾವಿಗೆ ಕಲ್ಲು ಹಾಕಿದರೆ ನೀರಿದೆ ಎಂದು ಗೊತ್ತಾಗುತ್ತದೆ, ಸಿಹಿಯೋ ಉಪ್ಪೋ ಗೊತ್ತಾಗುವುದಿಲ್ಲ. ಅಲ್ಟ್ರಾಸೌಂಡೂ ಹಾಗೆಯೇ. ಶಬ್ದದ ಅಲೆ ಹೋಗಿ ಮರಳಿ ಬಂದು ‘ಇಲ್ಲೇನೋ ಇದೆ’ ಎಂದಿತು, ಅಷ್ಟೆ. ಇನ್ನು ಸಿ.ಟಿ. ಸ್ಕ್ಯಾನ್ ಆಗಬೇಕು ಎಂದರು.

“ಒಂದು ಫೋಟೊ ತೆಗೆದರಲ್ಲ ತಾತ, ಮತ್ತೆ ಯಾಕೆ?” ಎಂದಳು ಆರನೇ ಕ್ಲಾಸಿನ ಮೊಮ್ಮಗಳು.

“ನಮ್ಮೂರಿನ ಅಡಿಕೆ ತೋಟ ನೆನಪು ಮಾಡಿಕೋ ಪುಟ್ಟಿ,” ಎಂದೆ. “ಯಕೃತ್ತೂ ಒಂದು ತೋಟ. ಅದಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ದೊಡ್ಡ ಕಾಲುವೆಯಿಂದ. ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿ ಎಂಬ ಪೈಪಿನಿಂದ. ಒಳ್ಳೆಯ ಗಿಡಗಳು ಹೆಚ್ಚಾಗಿ ಕಾಲುವೆಯ ನೀರು ಕುಡಿಯುತ್ತವೆ. ಕ್ಯಾನ್ಸರ್ ಎಂಬ ಕಳೆ ಮಾತ್ರ ಪೈಪಿಗೇ ಬಾಯಿ ಹಾಕುತ್ತದೆ.”

ಕಳ್ಳ ಸಿಕ್ಕಿಬೀಳುವುದು ಅಲ್ಲಿಯೇ. ಸಿ.ಟಿ.ಯಲ್ಲಿ ಕೈಯ ನರಕ್ಕೆ ಕಾಂಟ್ರಾಸ್ಟ್ ಎಂಬ ಔಷಧಿ ಬಿಡುತ್ತಾರೆ. ಮೈಯೆಲ್ಲ ಒಮ್ಮೆ ಬೆಚ್ಚಗಾಗುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಔಷಧಿ ಪೈಪಿನ ಮೂಲಕ ಬಂದಾಗ ಕಳೆ ಮೊದಲು ಬೆಳ್ಳಗೆ ಮಿಂಚುತ್ತದೆ. ಇನ್ನೊಂದರ್ಧ ನಿಮಿಷ ಕಳೆದು ಕಾಲುವೆಯಿಂದ ಬಂದಾಗ ತೋಟವೆಲ್ಲ ಬೆಳಗುತ್ತದೆ, ಕಳೆ ಮಾಸಿಹೋಗುತ್ತದೆ. ಅದಕ್ಕೇ ಗಡಿಯಾರ ನೋಡಿಕೊಂಡು ಮತ್ತೆ ಮತ್ತೆ ಚಿತ್ರ ತೆಗೆಯುತ್ತಾರೆ.

ನನ್ನ ದೊಡ್ಡ ಚುಕ್ಕೆ ಅಂಚಿನಿಂದ ನಿಧಾನವಾಗಿ ತುಂಬಿಕೊಂಡು ಬೆಳ್ಳಗೇ ಉಳಿಯಿತು. ಅದು ರಕ್ತನಾಳಗಳ ಗಂಟು, ತೊಂದರೆಯಿಲ್ಲದ್ದು. ಎಲ್ಲರೂ ಅದಕ್ಕೇ ಹೆದರಿದ್ದೆವು ನೋಡಿ! ಒಂದೂವರೆ ಸೆಂಟಿಮೀಟರಿನ ಚಿಕ್ಕದು ಮಾತ್ರ ಮೊದಲು ಮಿಂಚಿತು, ಆಮೇಲೆ ಸರಿಯಾಗಿ ಮಾಸಿತೋ ಇಲ್ಲವೋ ಹೇಳಲಾಗಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಊಟ ಮಾಡಲಿಲ್ಲ.

ಪಕ್ಕದ ಮನೆಯವರು “ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಅದು ಎಲ್ಲ ತೋರಿಸುತ್ತದೆ” ಎಂದರು. ಡಾಕ್ಟರು ಬೇಡವೆಂದರು. ಆ ಸ್ಕ್ಯಾನು ಸಕ್ಕರೆಯಂಥ ವಸ್ತುವನ್ನು ಯಾವ ಜೀವಕೋಶ ಹೆಚ್ಚು ಹಿಡಿದಿಟ್ಟುಕೊಂಡಿದೆ ಎಂದು ಹುಡುಕುತ್ತದೆ. ಯಕೃತ್ತಿನ ಕ್ಯಾನ್ಸರ್ ಎಷ್ಟೋ ಸಲ, ಯಕೃತ್ತಿನ ಹಾಗೆಯೇ, ತೆಗೆದುಕೊಂಡ ಸಕ್ಕರೆಯನ್ನು ಹೊರಗೆ ಬಿಟ್ಟುಬಿಡುತ್ತದಂತೆ. ದುಬಾರಿ ಯಂತ್ರವೆಲ್ಲ ಎಲ್ಲಕ್ಕೂ ಬರುವುದಿಲ್ಲ.

ಎಂ.ಆರ್.ಐ. ಮಾಡಿದರು. ಇದರಲ್ಲಿ ಎಕ್ಸ್-ರೇ ಇಲ್ಲ, ದೊಡ್ಡ ಅಯಸ್ಕಾಂತ. ಒಳಗೆ ಮಲಗಿದರೆ ತಗಡಿನ ಮೇಲೆ ಸುತ್ತಿಗೆ ಬಡಿದಂತೆ ಸದ್ದು. ಇಲ್ಲಿನ ಔಷಧಿಯೇ ಬೇರೆ. ಆರೋಗ್ಯವಾದ ಯಕೃತ್ತಿನ ಕೋಶಗಳು ಅದನ್ನು ಒಳಗೆ ಎಳೆದುಕೊಂಡು ಪಿತ್ತರಸಕ್ಕೆ ಬಿಡುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಈ ಕಸುಬು ಮರೆತಿರುತ್ತವೆ. 20 ನಿಮಿಷ ಕಾದು ತೆಗೆದ ಚಿತ್ರದಲ್ಲಿ ಯಕೃತ್ತೆಲ್ಲ ಹೊಳೆಯುತ್ತಿತ್ತು, ಚುಕ್ಕೆಯ ಜಾಗ ಕಪ್ಪಗಿತ್ತು. ಇನ್ನೊಂದು ಬಗೆಯ ಚಿತ್ರದಲ್ಲಿ ನೀರಿನ ಕಣಗಳ ಓಡಾಟವನ್ನೂ ನೋಡಿದರು. ಜಾತ್ರೆಯ ಗುಂಪಿನಲ್ಲಿ ನಡೆಯಲು ಜಾಗವಿಲ್ಲದ ಹಾಗೆ, ಒತ್ತೊತ್ತಾಗಿ ಬೆಳೆದ ಕೋಶಗಳ ನಡುವೆ ನೀರು ಸಿಕ್ಕಿಕೊಂಡಿತ್ತು.

“ಸೂಜಿ ಹಾಕಿ ಚೂರು ತೆಗೆದು ನೋಡಬೇಡವೇ?” ಎಂದು ಕೇಳಿದೆ. “ನಿಮ್ಮಂಥವರಲ್ಲಿ ಚಿತ್ರಗಳೆಲ್ಲ ಒಂದೇ ಮಾತು ಹೇಳಿದರೆ ಅದು ಬೇಕಾಗುವುದಿಲ್ಲ ಮೇಷ್ಟ್ರೇ,” ಎಂದರು ಡಾಕ್ಟರು. ಸಿ.ಟಿ., ಎಂ.ಆರ್.ಐ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಕ್ಯಾನ್ಸರೇ. ಚಿಕ್ಕದು, ಒಂದೇ ಒಂದು.

ಹೊಟ್ಟೆಯ ಮೇಲಿನಿಂದ ತೆಳ್ಳನೆಯ ಸೂಜಿ ತೂರಿಸಿ, ಅದರ ತುದಿಯ ಬಿಸಿಯಿಂದ ಆ ಚುಕ್ಕೆಯನ್ನು ಸುಟ್ಟರು. ಸೂಜಿಗೆ ದಾರಿ ತೋರಿಸಿದ್ದು ಮತ್ತೆ ಆ ಮೊದಲಿನ ಅಲ್ಟ್ರಾಸೌಂಡೇ. ಎರಡು ದಿನಕ್ಕೆ ಮನೆಗೆ ಬಂದೆ.

ಮೊಮ್ಮಗಳು ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದು, “ತಾತ, ತೋಟದಲ್ಲಿ ಕಳೆ ಮತ್ತೆ ಬರುತ್ತಾ?” ಎಂದಳು. ಬರಬಹುದು ಎಂದೆ, ಮಕ್ಕಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವಳು ಏನೂ ಮಾತಾಡದೆ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಮುಂದಿನ ಸ್ಕ್ಯಾನಿನ ದಿನ ಹುಡುಕಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಅದೇ ದಿನ ಅವಳಿಗೆ ಗಣಿತದ ಪರೀಕ್ಷೆಯಂತೆ.