ಬೆರಳು ಬರದವರ ಅಕ್ಕಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನ್ಯಾಯಬೆಲೆ ಅಂಗಡಿಕಾರರೇ, ಗ್ರಾಮ ಒನ್ ಕೇಂದ್ರಗಳಲ್ಲಿ ಕುಳಿತ ತಮ್ಮ-ತಂಗಿಯರೇ, ಈ ಮಾತು ನಿಮ್ಮ ಮುಂದೆಯೇ ಆಡಬೇಕಾದದ್ದು. ‘ಬೆರಳು ತಗೊಳ್ಳವಲ್ದು ಯಕ್ಕಾ, ನಾಳಿ ಬಾ’ ಎಂದು ಯಾರನ್ನಾದರೂ ತಿರುಗಿ ಕಳಿಸುವ ಮುನ್ನ ಅವರ ಅಂಗೈಯನ್ನು ಹಿಡಿದು ನೋಡಿ.

ಅಂಗೈ, ಅಂಗಾಲಿನ ಚರ್ಮ ಎಳೆತನದಿಂದಲೇ ಹಳದಿಯಾಗಿ ದಡ್ಡುಗಟ್ಟಿ ಬಿರಿಯುವ ಅಪರೂಪದ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಪಾಲ್ಮೋಪ್ಲಾಂಟರ್ ಕೆರಟೋಡರ್ಮಾ ಎನ್ನುತ್ತಾರೆ. ಕೆರಟಿನ್ 9 ಎಂಬ ಪ್ರೋಟೀನು ಮುಖ್ಯವಾಗಿ ಅಂಗೈ-ಅಂಗಾಲಿನ ಚರ್ಮದಲ್ಲೇ ಇರುವಂಥದ್ದು. ಅದರ ಜೀನಿನಲ್ಲಿ ದೋಷವಿದ್ದರೆ ಉಳಿದ ಮೈ ಚೆನ್ನಾಗಿದ್ದು ಈ ನಾಲ್ಕು ಕಡೆ ಮಾತ್ರ ಕಾಯಿಲೆ ಕಾಣುತ್ತದೆ. ಈ ಜೀನ್ ದೋಷವೇ ಕಾರಣವೆಂದು 1994ರಲ್ಲೇ ಪತ್ತೆಯಾಗಿದೆ. ಈ ಬಗೆ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಬೇರೆ ಕೆಲವು ಬಗೆಗಳು ಇಬ್ಬರ ಕಡೆಯಿಂದಲೂ ದೋಷ ಇಳಿದಾಗ ಮಾತ್ರ ಬರುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆ ಇದನ್ನು ತಿಳಿದಿರಬೇಕು. ಇದು ಯಾರ ಪಾಪದ ಫಲವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಕುಷ್ಠವಂತೂ ಅಲ್ಲವೇ ಅಲ್ಲ. ಕುಷ್ಠದಲ್ಲಿ ಸ್ಪರ್ಶ ಸಾಯುತ್ತದೆ. ಇಲ್ಲಿ ಒಂದೊಂದು ಬಿರುಕೂ ಉರಿಯುತ್ತದೆ. ಆ ಉರಿಯಲ್ಲೇ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಬೇಕು, ಉಳ್ಳಾಗಡ್ಡಿ ಕೀಳಬೇಕು. ಮಗ್ಗಕ್ಕೆ ಕುಳಿತರೆ ರೇಷ್ಮೆ ಎಳೆ ಒರಟು ಬೆರಳಿಗೆ ಸಿಕ್ಕುತ್ತದೆ.

ಇಂಥ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ದಪ್ಪ ಚರ್ಮದಡಿ ಅದು ಮಸುಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಎಣಿಸಿದೆ. ಈ ಕಾಯಿಲೆಯ ಹೆಸರು ಅಲ್ಲಿಲ್ಲ. ಹೀಗಾಗಿ ಬೆರಳಚ್ಚಿನ ಯಂತ್ರ ‘ಇಲ್ಲ’ ಎಂದಾಗ ತೋರಿಸಲು ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಕಾನೂನು ನಿಮ್ಮ ಕೈ ಕಟ್ಟಿಲ್ಲ. ಬೆರಳು ಹೊಂದದಿದ್ದರೆ ಕಣ್ಣಿನ ಪಾಪೆ ಅಥವಾ ಮೊಬೈಲ್ ಒಟಿಪಿ ಬಳಸಿ, ಅದೂ ಆಗದಿದ್ದರೆ ಬೇರೆ ರೀತಿ ಗುರುತು ಖಚಿತಪಡಿಸಿಕೊಂಡು ಪಡಿತರ ಕೊಡಿ ಎಂದು ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಗುರುತು ಹೊಂದಲಿಲ್ಲವೆಂದು ಯಾರ ಸವಲತ್ತೂ ತಪ್ಪಬಾರದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿದೆ. ಇಷ್ಟಿದ್ದೂ ಹಸಿದವರನ್ನು ‘ಸರ್ವರ್’ ಹೆಸರಲ್ಲಿ ಹಿಂದಕ್ಕೆ ಕಳಿಸಿದರೆ ಅದು ಅನ್ಯಾಯ, ನಾನಂತೂ ಬೇರೆ ಹೆಸರಿಡಲಾರೆ.

ತಹಶೀಲ್ದಾರರೇ, ಆಹಾರ ನಿರೀಕ್ಷಕರೇ, ನಿಮ್ಮ ತಾಲ್ಲೂಕಿನಲ್ಲಿ ಬೆರಳು ಬರದವರು ಯಾರು ಯಾರೆಂದು ಅಂಗಡಿವಾರು ಕೇಳಿ ಬರೆಸಿಕೊಳ್ಳಿ. ಆಶಾ ಕಾರ್ಯಕರ್ತೆಯರೇ, ಅಂಥ ಮಗುವನ್ನು ಕಂಡರೆ ಗದಗಿನ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸಿ. ಬೇರಿನಿಂದ ಗುಣಪಡಿಸುವ ಮದ್ದಿಲ್ಲ, ನಿಜ. ಆದರೆ ನೀರಲ್ಲಿ ನೆನೆಸಿ ಯೂರಿಯಾ, ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಚ್ಚಿದರೆ ಚರ್ಮ ಮೆತ್ತಗಾಗುತ್ತದೆ, ಬಿರುಕು ಕಡಿಮೆಯಾಗುತ್ತದೆ, ಮಗು ಕುಂಟದೆ ಶಾಲೆಗೆ ನಡೆಯುತ್ತದೆ. ಮಾಸ್ತರರೇ, ಬಿಸಿಯೂಟದ ಸಾಲಿನಲ್ಲಿ ಅದನ್ನು ಬೇರೆ ಕೂರಿಸಬೇಡಿ. ನೀವೇ ಪಕ್ಕದಲ್ಲಿ ಕುಳಿತು ಉಣ್ಣಿ.

ಅಂಗಡಿಯ ಅಣ್ಣಂದಿರೇ, ಹೋದ ತಿಂಗಳು ಬರಿಗೈಲಿ ಹೋದವರು ನಿಮಗೆ ನೆನಪಿದ್ದಾರೆ. ಅವರ ಮನೆಯೂ ಗೊತ್ತಿದೆ. ಈ ತಿಂಗಳ ಅಕ್ಕಿ ಮುಗಿಯುವ ಮೊದಲು ಅವರಿಗೆ ಹೇಳಿ ಕಳಿಸಿ.