ಪಟ್ಟಿ ನೋಡೋದು ಬಿಡಿ, ಕಟ್ಟಡ ನೋಡಿ



ಸ್ವಲ್ಪ ಉದ್ದದ ಪೋಸ್ಟು. ಟೀ ಕುಡೀತಾ ಓದಿ, ಆದ್ರೆ ಪೂರ್ತಿ ಓದಿ. ಮುಂದಿನ ಭಾನುವಾರದ ಸಭೆಗೆ ಮುಂಚೆ ಇದನ್ನ ಹೇಳಲೇಬೇಕು ಅನ್ನಿಸ್ತು.

ಹೋದ ವಾರ ನಮ್ಮ ಗ್ರೂಪಿನಲ್ಲಿ ತಮ್ಮನೊಬ್ಬ ಒಂದು ಪಟ್ಟಿ ಹಾಕಿದ್ದ. 'ಫ್ರೀಮೇಸನ್ ರಹಸ್ಯ ಸಂಘದ ಖ್ಯಾತ ಸದಸ್ಯರು' ಅಂತ. ಮೇಲೆ ಜಾರ್ಜ್ ವಾಷಿಂಗ್ಟನ್, ಬೆಂಜಮಿನ್ ಫ್ರಾಂಕ್ಲಿನ್. ಕೆಳಗೆ ಡ್ಯೂಕ್ ಎಲಿಂಗ್ಟನ್, ನ್ಯಾಟ್ ಕಿಂಗ್ ಕೋಲ್, ತರ್ಗುಡ್ ಮಾರ್ಷಲ್, ಮೆಡ್ಗರ್ ಎವರ್ಸ್. 'ನೋಡಿ, ಜಗತ್ತನ್ನ ಆಳೋರು ಇವ್ರೇ, ಕರಿಯರನ್ನೂ ಒಳಗೆ ಹಾಕ್ಕೊಂಡಿದಾರೆ' ಅಂತ ಕೆಳಗೆ ಷರಾ ಬೇರೆ.

ತಮ್ಮಾ, ನಿನ್ನ ಪಟ್ಟಿಯಲ್ಲಿ ಒಂದು ತಪ್ಪಿದೆ. ಹೆಸರುಗಳು ತಪ್ಪಲ್ಲ. ಮೇಲಿನ ಅರ್ಧ, ಕೆಳಗಿನ ಅರ್ಧ ಒಂದೇ ಸಂಘ ಅಂದ್ಕೊಂಡಿದೀಯಲ್ಲ, ಅದು ತಪ್ಪು. ಕೆಳಗಿನ ಅರ್ಧದವರು ಸೇರಿದ್ದು ಪ್ರಿನ್ಸ್ ಹಾಲ್ ಮೇಸನ್ ಸಂಘಕ್ಕೆ. ಬಿಳಿಯರು ಬಾಗಿಲು ಹಾಕಿದಾಗ ಕಪ್ಪು ಜನ ತಾವೇ ಕಟ್ಟಿಕೊಂಡ ಸಂಘ ಅದು. ಒಂದೇ ದೇಶ, ಒಂದೇ ಹೆಸರು, ಒಂದೇ ಮಂತ್ರ, ಆದರೆ ಕೇರಿ ಬೇರೆ. ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಪ್ರಿನ್ಸ್ ಹಾಲ್ ಅಂದ್ರೆ ರಾಜಕುಮಾರನೂ ಅಲ್ಲ, ಸಭಾಂಗಣವೂ ಅಲ್ಲ. 1700ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ಬದುಕಿದ್ದ ಒಬ್ಬ ಕಪ್ಪು ಮನುಷ್ಯನ ಹೆಸರು. ಅವನ ಕಸುಬು ಏನು ಗೊತ್ತಾ? ಚರ್ಮ ಹದ ಮಾಡೋದು. 1777ರಲ್ಲಿ ಬಾಸ್ಟನ್ನಿನ ಫಿರಂಗಿ ಪಡೆಗೆ 5 ನಗಾರಿಗಳಿಗೆ ಚರ್ಮ ಕೊಟ್ಟಿದ್ದಕ್ಕೆ ಅವನು ಬರೆದ ಬಿಲ್ಲಿನ ದಾಖಲೆ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಗಾರಿಗೆ ಚರ್ಮ ಹೊದಿಸಿದವನು ಅವನು. ನಮ್ಮ ತಾತ ತಮಟೆ ಕಾಯಿಸ್ತಾ ಕೂತಿದ್ದನ್ನ ನೋಡಿ ಬೆಳೆದ ನನಗೆ ಈ ಒಂದು ಬಿಲ್ಲು ಸಾಕಾಯ್ತು, ಈ ಮನುಷ್ಯ ನಮ್ಮವನು ಅನ್ನಿಸೋಕೆ.

1775ರಲ್ಲಿ ಪ್ರಿನ್ಸ್ ಹಾಲ್ ಮತ್ತು ಇನ್ನೂ 14 ಜನ ಕಪ್ಪು ಗಂಡಸರು ಮೇಸನ್ ದೀಕ್ಷೆ ತಗೊಂಡ್ರು ಅನ್ನೋದು ಆ ಸಂಘದವರು ಹೇಳಿಕೊಂಡು ಬಂದ ಇತಿಹಾಸ. ದೀಕ್ಷೆ ಕೊಟ್ಟಿದ್ದು ಊರಿನ ಬಿಳಿಯರಲ್ಲ, ಬ್ರಿಟಿಷ್ ಸೈನ್ಯದೊಳಗಿದ್ದ ಐರಿಶ್ ಲಾಡ್ಜು. 1776ರಲ್ಲಿ ಆ ಸೈನ್ಯ ಬಾಸ್ಟನ್ ಬಿಟ್ಟು ಹೋಯ್ತು. ಇವರ ಕೈಯಲ್ಲಿ ಉಳಿದಿದ್ದು ಒಂದು ಅರೆಬರೆ ಅನುಮತಿ. ಸಭೆ ಸೇರಬಹುದು, ಹಬ್ಬದ ದಿನ ಮೆರವಣಿಗೆ ಹೋಗಬಹುದು, ಸತ್ತವರನ್ನ ಹೂಳಬಹುದು. ಹೊಸ ಸದಸ್ಯರನ್ನ ಮಾತ್ರ ಸೇರಿಸೋ ಹಾಗಿಲ್ಲ.

ಅಂದ್ರೆ ಹೆಣ ಹೊರೋಕೆ ಹಕ್ಕಿದೆ, ಬೆಳೆಯೋಕೆ ಹಕ್ಕಿಲ್ಲ.

ಪ್ರಿನ್ಸ್ ಹಾಲ್ ಕಾಗದ ಬರೆದ. ಅಲ್ಲಿನವರು ಕೊಡಲ್ಲ ಅಂತ ಗೊತ್ತಾದಾಗ ನೇರ ಲಂಡನ್ನಿನ ದೊಡ್ಡ ಲಾಡ್ಜಿಗೇ ಬರೆದ. 1784ರಲ್ಲಿ ಮಂಜೂರಾತಿ ಆಯ್ತು, ಆಫ್ರಿಕನ್ ಲಾಡ್ಜ್, ನಂಬರ್ 459. ಆದರೆ ಆ ಸನ್ನದು ಬಾಸ್ಟನ್ ತಲುಪಿದ್ದು 1787ರಲ್ಲಿ. ಮೂರು ವರ್ಷ! ಇಪ್ಪತ್ತು ವರ್ಷದಿಂದ ಫೈಲು ಕಟ್ಟುತ್ತಾ ಇರೋ ಗುಮಾಸ್ತ ನಾನು. 'ಆರ್ಡರ್ ಆಗಿದೆ, ಕಾಪಿ ಬಂದಿಲ್ಲ' ಅನ್ನೋ ಮಾತು ಎಷ್ಟು ಹಳೇದು ಅಂತ ಅವತ್ತೇ ಗೊತ್ತಾಗಿದ್ದು.

ಆ ಲಾಡ್ಜಿನವರು ಬಾಗಿಲು ಹಾಕಿಕೊಂಡು ಬರೀ ಮಂತ್ರ ಹೇಳಿಕೊಂಡು ಕೂತಿರಲಿಲ್ಲ. ಸನ್ನದು ಸಿಗೋ ಮುಂಚೆಯೇ, 1777ರಲ್ಲಿ, ಪ್ರಿನ್ಸ್ ಹಾಲ್ ಮತ್ತು ಇತರರು ಗುಲಾಮಗಿರಿ ತೆಗೀರಿ ಅಂತ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟಿದ್ರು. ಬ್ರಿಟನ್ ವಿರುದ್ಧ ನೀವು ಹೇಳ್ತಿರೋ ಮಾತು ನಮಗೂ ಅನ್ವಯ ಆಗುತ್ತೆ ಅಲ್ವಾ ಅನ್ನೋದು ಅವರ ವಾದ. 1787ರಲ್ಲಿ ಶಾಲೆಗಾಗಿ ಅರ್ಜಿ. ತೆರಿಗೆ ನಾವೂ ಕಟ್ತೀವಿ, ನಮ್ಮ ಮಕ್ಕಳಿಗೆ ಶಾಲೆ ಯಾಕಿಲ್ಲ ಅಂತ. ಅದಕ್ಕೆ ಕಿವಿಗೊಟ್ಟವರಿಲ್ಲ. ಸುಮಾರು ಹತ್ತು ವರ್ಷ ಕಾದು, ಬಾಸ್ಟನ್ನಿನ ಕಪ್ಪು ಜನ ತಮ್ಮಲ್ಲೇ ಒಬ್ಬರ ಮನೆಯಲ್ಲಿ ಶಾಲೆ ತೆರೆದ್ರು.

1788ರಲ್ಲಿ ಇನ್ನೊಂದು ನಡೀತು. ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಗಂಡಸರನ್ನ ಕೆಲಸ ಇದೆ ಬನ್ನಿ ಅಂತ ಹಡಗಿಗೆ ಕರೆದು, ಕೆರಿಬಿಯನ್ ದ್ವೀಪಗಳ ಕಡೆ ಸಾಗಿಸಿ ಮಾರೋಕೆ ನೋಡಿದ್ರು. ಲಾಡ್ಜಿನವರು ಮತ್ತೆ ಅರ್ಜಿ ಹಾಕಿದ್ರು. ಈ ಸಲ ಊರಿನ ಬಿಳಿಯ ಪಾದ್ರಿಗಳೂ ದನಿ ಸೇರಿಸಿದ್ರು. ಅದೇ ವರ್ಷ ಆ ರಾಜ್ಯದಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಕಾನೂನು ಬಂತು. ಆ ಮೂವರೂ ಜೀವಂತ ವಾಪಸ್ ಬಂದ್ರು.

ಈಗ 'ಖ್ಯಾತ ಸದಸ್ಯರು' ವಿಷಯಕ್ಕೆ ಬರ್ತೀನಿ. ತಮ್ಮನ ಪಟ್ಟಿಯಲ್ಲಿ ಇಲ್ಲದ ಮೂರು ಹೆಸರು ಹೇಳ್ತೀನಿ.

ಮೊದಲನೆಯವನು ಡೇವಿಡ್ ವಾಕರ್. ಬಾಸ್ಟನ್ನಿನಲ್ಲಿ ಹಳೇ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಆಫ್ರಿಕನ್ ಲಾಡ್ಜಿನ ಸದಸ್ಯ. 1829ರಲ್ಲಿ ಗುಲಾಮಗಿರಿಯ ವಿರುದ್ಧ 'ಅಪೀಲ್' ಅನ್ನೋ ಕಿರುಹೊತ್ತಿಗೆ ಬರೆದ. ದಕ್ಷಿಣಕ್ಕೆ ಹೋಗೋ ನಾವಿಕರ ಬಟ್ಟೆಯೊಳಗೆ ಇಟ್ಟು ಹೊಲಿದು ಅದನ್ನ ಕಳಿಸ್ತಿದ್ದ ಅಂತಾರೆ. ದಕ್ಷಿಣದ ಧಣಿಗಳು ಆ ಪುಸ್ತಕಕ್ಕೆ ನಡುಗಿದ್ರು. ಮಾರನೇ ವರ್ಷವೇ ಅವನು ತೀರಿಕೊಂಡ.

ಎರಡನೆಯವನು ಲೂಯಿಸ್ ಹೇಡನ್. ಕೆಂಟಕಿಯಲ್ಲಿ ಗುಲಾಮನಾಗಿದ್ದವನು, ಹೆಂಡತಿ ಮಗನ ಜೊತೆ 1844ರಲ್ಲಿ ತಪ್ಪಿಸಿಕೊಂಡು ಬಂದವನು. ಬಾಸ್ಟನ್ನಿನ ಅವನ ಮನೆ ಓಡಿಬಂದ ಗುಲಾಮರಿಗೆ ಅಡಗುದಾಣ. ಮುಂದೆ ಪ್ರಿನ್ಸ್ ಹಾಲ್ ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥನಾದ. 1865ರ ಡಿಸೆಂಬರಿನಲ್ಲಿ, ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಅದೇ ತಿಂಗಳು, ತನ್ನ ಲಾಡ್ಜಿನವರ ಮುಂದೆ ಒಂದು ಭಾಷಣ ಮಾಡಿದ. ಮಾರನೇ ವರ್ಷ ಅದು ಅಚ್ಚಾಯ್ತು. ಶೀರ್ಷಿಕೆ ಏನು ಗೊತ್ತಾ? 'ಕಾಸ್ಟ್ ಅಮಾಂಗ್ ಮೇಸನ್ಸ್'. ಅಂದ್ರೆ ಮೇಸನ್ನರೊಳಗಿನ ಜಾತಿ!

ಈ ಶೀರ್ಷಿಕೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾವೆಲ್ಲ ಅಣ್ಣತಮ್ಮಂದಿರು ಅಂತ ಸಾರೋ ಸಂಘದೊಳಗೆ ನಡೀತಿದ್ದದ್ದಕ್ಕೆ ಅವನಿಗೆ ಹೊಂದಿದ ಪದ 'ಜಾತಿ'. ಫುಲೆಯವರು 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದು 1873ರಲ್ಲಿ. ಅದೇ 1873ರಲ್ಲಿ ಹೇಡನ್ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಆಯ್ಕೆಯಾದ. ಅಲ್ಲಿಯವನು ನಮ್ಮ ಪದ ತಗೊಂಡ, ಇಲ್ಲಿಯವರು ಅವರ ಪದ ತಗೊಂಡ್ರು. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದೂ ಇದೇ ದಾರಿಯಲ್ಲಿ.

ಮೇಸನ್ ಆಗೋಕೆ ಒಂದು ಹಳೇ ನಿಯಮ ಇತ್ತು. ಅರ್ಜಿ ಹಾಕುವವನು 'ಹುಟ್ಟಿನಿಂದ ಸ್ವತಂತ್ರ' ಆಗಿರಬೇಕು. ಗುಲಾಮನಾಗಿ ಹುಟ್ಟಿದವನು ಆಮೇಲೆ ಬಿಡುಗಡೆ ಆದ್ರೂ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನಲ್ಲಿ 1847ರಲ್ಲೇ ಅದನ್ನ ಬದಲಾಯಿಸಿದ್ರು, ಅಮೆರಿಕದ ಬಿಳಿಯರು ಬಿಡಲಿಲ್ಲ. ಹುಟ್ಟೇ ಅರ್ಹತೆ, ಹುಟ್ಟೇ ಅನರ್ಹತೆ. ಆಲ್ಬರ್ಟ್ ಪೈಕ್ ಅಂತ ಒಬ್ಬ ದೊಡ್ಡ ಮೇಸನ್, ಗುಲಾಮಗಿರಿ ಪರ ಯುದ್ಧ ಮಾಡಿದ ದಕ್ಷಿಣದ ಜನರಲ್. ಕಪ್ಪು ಜನರನ್ನ ಸಹೋದರರು ಅಂತ ಒಪ್ಪಬೇಕಾದ್ರೆ ಮೇಸನ್ ಸಂಘವನ್ನೇ ಬಿಡ್ತೀನಿ ಅನ್ನೋ ಅರ್ಥದಲ್ಲಿ ಅವನು ಬರೆದಿದಾನೆ. ಬಿಳಿಯರ ಗ್ರ್ಯಾಂಡ್ ಲಾಡ್ಜುಗಳು ಪ್ರಿನ್ಸ್ ಹಾಲ್ ಸಂಘವನ್ನ ಮಾನ್ಯ ಮಾಡೋ ದಾರಿ ತೆರೆದದ್ದು ಕನೆಕ್ಟಿಕಟ್ ರಾಜ್ಯದಲ್ಲಿ, 1989ರಲ್ಲಿ. 1775ರಿಂದ ಲೆಕ್ಕ ಹಾಕಿ, 214 ವರ್ಷ. ದಕ್ಷಿಣದ ಕೆಲವು ರಾಜ್ಯಗಳು ಅದಾದ ಮೇಲೂ ವರ್ಷಗಟ್ಟಲೆ ಎಳೆದಾಡಿದ್ವು.

ಮೂರನೆಯ ಹೆಸರು ನನಗೆ ತುಂಬಾ ಹತ್ತಿರ. ಜಾನ್ ವೆಸ್ಲಿ ಡಾಬ್ಸ್, ಜಾರ್ಜಿಯಾ ರಾಜ್ಯದ ಅಟ್ಲಾಂಟಾದವರು. ಕೆಲಸ ಏನು? ರೈಲ್ವೆ ಅಂಚೆ ಗುಮಾಸ್ತ. ಓಡೋ ರೈಲಿನಲ್ಲಿ ನಿಂತು ಕಾಗದ ವಿಂಗಡಿಸೋ ಕೆಲಸ, ಮೂವತ್ತು ವರ್ಷಕ್ಕೂ ಮೇಲೆ. ಈ ಗುಮಾಸ್ತ 1932ರಲ್ಲಿ ಜಾರ್ಜಿಯಾದ ಪ್ರಿನ್ಸ್ ಹಾಲ್ ಮೇಸನ್ನರ ಮುಖ್ಯಸ್ಥರಾದ್ರು, 1961ರಲ್ಲಿ ಸಾಯೋತನಕ ಇದ್ರು. 1936ರಲ್ಲಿ ಸಂಘ ಕಟ್ಟಿ 10,000 ಕಪ್ಪು ಮತದಾರರ ನೋಂದಣಿ ಗುರಿ ಇಟ್ಟುಕೊಂಡ್ರು. ಆರು ಜನ ಹೆಣ್ಣುಮಕ್ಕಳು, ಆರೂ ಜನರನ್ನ ಕಾಲೇಜು ಓದಿಸಿದ್ರು. ಮೊಮ್ಮಗ ಮೇನಾರ್ಡ್ ಜಾಕ್ಸನ್ 1973ರಲ್ಲಿ ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಆಗಿ ಗೆದ್ದ.

ಇವೆಲ್ಲಕ್ಕಿಂತ ದೊಡ್ಡದು, ಡಾಬ್ಸ್ ಅವರ ಕಾಲದಲ್ಲಿ ಆಬರ್ನ್ ಅವೆನ್ಯೂನಲ್ಲಿ ಮೇಸನ್ನರು ಸ್ವಂತ ಕಟ್ಟಡ ಕಟ್ಟಿದ್ರು. 1949ರಲ್ಲಿ ಅಮೆರಿಕದ ಮೊದಲ ಕಪ್ಪು ಒಡೆತನದ ರೇಡಿಯೋ ಕೇಂದ್ರ ಡಬ್ಲ್ಯುಇಆರ್‌ಡಿ ಶುರುವಾಯ್ತು, ಅದಕ್ಕೆ ಜಾಗ ಕೊಟ್ಟಿದ್ದು ಆ ಕಟ್ಟಡ. ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಎಸ್‌ಸಿಎಲ್‌ಸಿ ಹುಟ್ಟಿದಾಗ ಅದರ ಕಚೇರಿಯೂ ಅಲ್ಲೇ. ಕಿಂಗ್ ಏನಾದ್ರೂ ಹೇಳಬೇಕಾದ್ರೆ ಪೊರಕೆ ಹಿಡಿಯಿಂದ ಚಾವಣಿ ತಟ್ಟುತ್ತಿದ್ರಂತೆ, ಮೇಲಿನ ರೇಡಿಯೋದವರು ಮೈಕು ಕೆಳಗೆ ಬಿಡ್ತಿದ್ರಂತೆ.

ಕಿಂಗ್ ಅವರ ಹೆಸರು ಜಗತ್ತಿಗೇ ಗೊತ್ತು. ಅವರ ತಲೆ ಮೇಲೆ ಸೂರು ಕಟ್ಟಿದ ಗುಮಾಸ್ತನ ಹೆಸರು ಎಷ್ಟು ಜನಕ್ಕೆ ಗೊತ್ತು?

ಇನ್ನು ಮೆಡ್ಗರ್ ಎವರ್ಸ್. ಮಿಸಿಸಿಪ್ಪಿಯ ಜಾಕ್ಸನ್ ಊರಿನಲ್ಲಿ ಎನ್‌ಎಎಸಿಪಿ ಕಾರ್ಯದರ್ಶಿ. ಅವರ ಕಚೇರಿ ಇದ್ದದ್ದೂ ಪ್ರಿನ್ಸ್ ಹಾಲ್ ಮೇಸನ್ನರ ಕಟ್ಟಡದಲ್ಲೇ. 1963ರ ಜೂನ್ 12ರಂದು ಮನೆ ಮುಂದೆಯೇ ಗುಂಡಿಟ್ಟು ಕೊಂದ್ರು. ಮೂರು ದಿನದ ನಂತರ ಅಂತಿಮ ನಮನದ ಸಭೆ ಅದೇ ಕಟ್ಟಡದಲ್ಲಿ. ಸಾವಿರಾರು ಜನ. ಆ ಊರಿನ ಬಿಳಿಯ ಆಡಳಿತವನ್ನ 'ಸ್ವಾಮಿ, ಒಂದು ಹಾಲ್ ಕೊಡಿ' ಅಂತ ಬೇಡಬೇಕಾಗಿ ಬರಲಿಲ್ಲ.

ಇಲ್ಲಿ ನನ್ನ ಗಂಟಲು ಕಟ್ಟುತ್ತೆ. ಹೋದ ಮಳೆಗಾಲದಲ್ಲಿ ನಮ್ಮ ಹಿರಿಯ ಅಣ್ಣ ತೀರಿಕೊಂಡಾಗ ಏನಾಯ್ತು, ಬಂದವರಿಗೆಲ್ಲ ಗೊತ್ತು. ನುಡಿನಮನಕ್ಕೆ ಒಂದು ಸಮುದಾಯ ಭವನ ಕೇಳಿದ್ವಿ. ಮೊದಲು 'ಖಾಲಿ ಇದೆ' ಅಂದ್ರು. ಯಾರ ಕಾರ್ಯಕ್ರಮ ಅಂತ ಕೇಳಿದ ಮೇಲೆ 'ರಿಪೇರಿ ನಡೀತಿದೆ' ಅಂದ್ರು. ಮೂವತ್ತು ವರ್ಷ ಹೋರಾಟ ಮಾಡಿದ ಮನುಷ್ಯನ ಫೋಟೋ ಇಟ್ಟುಕೊಂಡು, ಸೋರೋ ಶಾಮಿಯಾನದ ಕೆಳಗೆ, ರಸ್ತೆ ಪಕ್ಕ ನಿಂತುಕೊಂಡ್ವಿ. ಅಕ್ಕ ಸೆರಗಿನಿಂದ ಆ ಫೋಟೋ ಒರೆಸ್ತಾನೇ ಇದ್ರು.

ಅದಕ್ಕೇ ಭಾನುವಾರದ ವಿಷಯ. ಜಯಂತಿ ಲೆಕ್ಕ ಮುಗಿದು ಸ್ವಲ್ಪ ಹಣ ಉಳಿದಿದೆ. ನಮ್ಮ ಕೆಲವರ ಅಭಿಪ್ರಾಯ, ಸಮುದಾಯದ ಸಾಧಕರಿಗೆ ಸನ್ಮಾನ ಮಾಡೋಣ, ದೊಡ್ಡ ಫ್ಲೆಕ್ಸ್ ಹಾಕಿಸೋಣ, ಸ್ಮರಣ ಸಂಚಿಕೆ ತರೋಣ. ನನಗೆ ಸಾಧಕರ ಮೇಲೆ ಕೋಪ ಇಲ್ಲ. ಆದರೆ ಶಾಲು ಹಾರ ಒಂದು ಸಂಜೆಗೆ ಮುಗಿಯುತ್ತೆ, ಫ್ಲೆಕ್ಸ್ ಒಂದು ಮಳೆಗೆ ಹರಿಯುತ್ತೆ. ಆ ಹಣವನ್ನ ಮೂಲಧನ ಮಾಡಿ, ತಿಂಗಳಿಗೆ ತಲಾ 100 ರೂಪಾಯಿ ಹಾಕ್ತಾ ಹೋಗಿ, ಒಂದು 30-40 ಸೈಟು ತಗೊಳ್ಳೋಣ. ಶೀಟು ಹೊದಿಸಿದ್ರೂ ಪರವಾಗಿಲ್ಲ. ಬೀಗದ ಕೈ ನಮ್ಮ ಹತ್ತಿರ ಇರಬೇಕು.

ಆಕ್ಷೇಪಣೆ ಬರುತ್ತೆ, ಬರಲಿ. 'ಬಿಳಿಯರ ಸಂಘದ ವೇಷ, ಮಂತ್ರ, ಪದವಿ ಎಲ್ಲ ನಕಲು ಮಾಡಿದವರನ್ನ ಯಾಕೆ ಹೊಗಳ್ತೀಯ? ನಮ್ಮಲ್ಲಿ ಜನಿವಾರ ಹಾಕ್ಕೊಂಡವರ ಥರಾನೇ ಅಲ್ವಾ?' ಅಂತ. ಪ್ರಶ್ನೆ ಸರಿ ಇದೆ. ಕಪ್ಪು ಸಮಾಜವಿಜ್ಞಾನಿ ಫ್ರಾಂಕ್ಲಿನ್ ಫ್ರೇಜಿಯರ್ 1957ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಕಪ್ಪು ಮಧ್ಯಮವರ್ಗದ ಡೌಲನ್ನ ಬಿಡಿಸಿ ಇಟ್ಟಿದಾರೆ. ನಮ್ಮ ನೌಕರರ ಸಂಘಗಳಿಗೂ ಆ ಮಾತು ನಾಟುತ್ತೆ. ಲಾಡ್ಜಿಗೆ ಶುಲ್ಕ ಕಟ್ಟೋ ಶಕ್ತಿ ಇಲ್ಲದ ಕೂಲಿಯವನು ಹೊರಗೇ ಉಳಿದ. ಹೆಂಗಸರಿಗೆ ಲಾಡ್ಜಿನೊಳಗೆ ಜಾಗ ಇರಲಿಲ್ಲ, ಪಕ್ಕದಲ್ಲಿ ಬೇರೆ ಸಂಘ ಅಷ್ಟೇ.

ಆದರೆ ಹೆಂಗಸರ ಕೈಗೆ ಲೆಕ್ಕದ ಪುಸ್ತಕ ಕೊಟ್ಟ ಸಂಘವೂ ಅಲ್ಲಿತ್ತು. ವರ್ಜೀನಿಯಾದ ರಿಚ್ಮಂಡಿನಲ್ಲಿ ಸೇಂಟ್ ಲ್ಯೂಕ್ ಅನ್ನೋ ಕಪ್ಪು ಸಂಘ. ಬಟ್ಟೆ ಒಗೆದು ಬದುಕಿದ ತಾಯಿಯ ಮಗಳು ಮ್ಯಾಗಿ ವಾಕರ್ 1899ರಲ್ಲಿ ಅದರ ಕಾರ್ಯದರ್ಶಿ ಆದ್ರು. 1902ರಲ್ಲಿ ಪತ್ರಿಕೆ, 1903ರಲ್ಲಿ ಪೆನ್ನಿ ಸೇವಿಂಗ್ಸ್ ಬ್ಯಾಂಕು. ಹೆಸರೇ ಹೇಳೋ ಹಾಗೆ, ಕಾಸು ಕಾಸು ಸೇರಿಸಿದ ಬ್ಯಾಂಕು.

ಅದಕ್ಕೆ ಭಾನುವಾರ ನಾನು ಎರಡು ಷರತ್ತು ಸೇರಿಸ್ತೀನಿ. ಒಂದು, ಖಜಾಂಚಿ ಹೆಣ್ಣುಮಗಳೇ ಆಗಬೇಕು. ಎರಡು, 100 ರೂಪಾಯಿ ಕೊಡೋಕಾಗದ ಪೌರಕಾರ್ಮಿಕ ಅಣ್ಣ ಅಕ್ಕಂದಿರು 10 ರೂಪಾಯಿ ಕೊಟ್ರೂ ವೋಟು ಒಂದೇ. ಇಲ್ಲಾಂದ್ರೆ ನಾವೂ ಹುಟ್ಟಿನ ಬದಲು ಸಂಬಳ ನೋಡಿ ಬಾಗಿಲು ಹಾಕಿದ ಹಾಗಾಗುತ್ತೆ. 'ನಮ್ಮೊಳಗಿನ ಜಾತಿ' ಅಂತ ಯಾರೋ ಒಬ್ಬ ಹೇಡನ್ ನಮ್ಮ ಮೇಲೇ ಭಾಷಣ ಮಾಡಬೇಕಾಗುತ್ತೆ.

ಆ ಪಟ್ಟಿ ಹಾಕಿದ ತಮ್ಮನಿಗೆ ಬೈಬೇಡಿ. ಪಟ್ಟಿ ಹಾಕಿದ್ದಕ್ಕೇ ನಾನು ಇಷ್ಟೆಲ್ಲ ಓದಿದ್ದು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಮಾಮೂಲಿ ಆಲದ ಮರದ ಕೆಳಗೆ. ಮಳೆ ಬಂದ್ರೆ ಎಲ್ಲಿ ಸೇರೋದು ಅಂತ ಕೇಳಬೇಡಿ. ಅದೇ ತಾನೇ ಸಭೆಯ ವಿಷಯ!

ರಿಜಿಸ್ಟರ್ ನಾನು ತರ್ತೀನಿ. ಮೊದಲ 100 ರೂಪಾಯಿ ನನ್ನದು, ರಶೀದಿ ನಂಬರ್ 1.

ಜೈಭೀಮ್.