ಲಿವರ್ ಕಸಿ: ಊರಿಗೆ ಮರಳಿದ ಮೇಲಿನ ಜ್ವರ

ಲಿವರ್ ಬದಲಿಸಿದರೆ ಗಂಡಾಂತರ ಕಳೆಯಿತು ಅಂದ್ಕೊಳ್ಳುವವರೇ ನಮ್ಮ ಗೂಡಲೂರು ಕಡೆ ಹೆಚ್ಚು. ತಮಿಳುನಾಡಿನಲ್ಲಿ 2008ರ ಸರ್ಕಾರಿ ಆದೇಶಗಳಿಂದ ಅಂಗದಾನ ಕ್ರಮಕ್ಕೆ ಬಂತು. 2023ರಿಂದ ದಾನಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ. ಒಳ್ಳೆಯದೇ. ಕಸಿಯಾದ ಮೇಲಿನ ಪಾಡು ಬೇರೆ.

ಹೊಸ ಲಿವರನ್ನು ಮೈ ಹೊರದಬ್ಬದಿರಲೆಂದು ಟ್ಯಾಕ್ರೋಲಿಮಸ್‌ನಂಥ ಮಾತ್ರೆ ಕೊಡುತ್ತಾರೆ. ಅದು ಮೈಯ ಕಾವಲನ್ನೇ ತಗ್ಗಿಸುತ್ತದೆ. ಬೇಲಿ ಸಡಿಲಿಸಿದ ಹೊಲಕ್ಕೆ ಹಂದಿ ನುಗ್ಗಿದಂತೆ ಬ್ಯಾಕ್ಟೀರಿಯಾ ನುಗ್ಗುತ್ತವೆ. ಪಿತ್ತನಾಳ, ಹೊಟ್ಟೆ, ಶ್ವಾಸಕೋಶ, ರಕ್ತ ಎಲ್ಲಕ್ಕೂ ಮೊದಲ ತಿಂಗಳೇ ಭಯ ಹೆಚ್ಚು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಕೆಲವು ದೊಡ್ಡ ಔಷಧಕ್ಕೂ ಜಗ್ಗವು. ಆಗ ಉಳಿಯುವ ಕೆಲವೇ ಮದ್ದುಗಳಲ್ಲಿ ಕೊಲಿಸ್ಟಿನ್ ಒಂದು.

ಇದೇ ಕೊಲಿಸ್ಟಿನನ್ನು ಕೋಳಿ ಬೇಗ ದಪ್ಪವಾಗಲಿ ಅಂತ ಮೇವಿಗೆ ಬೆರೆಸುತ್ತಿದ್ದರು! ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಚೀಟಿಯಿಲ್ಲದ ಆಂಟಿಬಯೋಟಿಕ್ ಮಾರಾಟದ ಮೇಲೆ ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಹೂಡಿತು. ನಾಡುಕಾಣಿ ದಾಟಿ ಈಚೆ ಬಂದರೆ? ನಾನೇ ಕೆಮ್ಮಿಗೆ ಚೀಟಿಯಿಲ್ಲದೆ ನಾಲ್ಕು ಗುಳಿಗೆ ತಂದು, ಎರಡು ನುಂಗಿ, ಉಳಿದೆರಡನ್ನು ಎಮ್ಮೆಗರುವಿಗೆ ಹಾಕಿದವನು. ಹೀಗೆ ಅರೆಬರೆ ಮದ್ದು ಕಂಡು ಬದುಕುಳಿದ ಕ್ರಿಮಿಯೇ ಅದಕ್ಕೆ ಒಗ್ಗಿಕೊಳ್ಳುವುದು.

ಕಸಿಯಾದವರಿಗೆ ಜ್ವರ ಬಂದರೆ ಗಂಟೆಗಳ ಲೆಕ್ಕ. ಕೆಲವೊಮ್ಮೆ ಜ್ವರವೂ ಇಲ್ಲ, ಬರೀ ಸುಸ್ತು. ಮಸಿನಗುಡಿಯಿಂದ ಮೈಸೂರಿಗೆ ಹೊರಟರೆ ಬಂಡೀಪುರದ ಹಾದಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂದ್. ಆಂಬುಲೆನ್ಸಿಗೆ ವಿನಾಯಿತಿ, ಬಾಡಿಗೆ ಜೀಪಿಗಿಲ್ಲ. ಕೊಯಮತ್ತೂರಿಗಾದರೆ ಘಾಟಿ ಇಳಿಯಬೇಕು. ಆದ್ದರಿಂದ ದೊಡ್ಡಾಸ್ಪತ್ರೆಯವರು ಡಿಸ್‌ಚಾರ್ಜ್ ಮಾಡುವಾಗಲೇ ಔಷಧದ ವಿವರ ಊಟಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೂ ಕಳಿಸಲಿ. ಅಲ್ಲಿ ಮೊದಲ ಇಂಜೆಕ್ಷನ್‌ಗೆ ಮುಂಚೆ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದಿಟ್ಟು, ಆಮೇಲೆ ರೋಗಿಯನ್ನು ಕೆಳಗೆ ಕಳಿಸಲಿ.